ಈ ಪಾಕೀಟಿನಲ್ಲಿ ಬನ್ನಿ ಇಲ್ಲ

ಬೆಟಗೇರಿ
ರವಿವಾರ, ೨೧-೧೦-೧೯೫೬

ಇನ್ನು ಹನ್ನೊಂದು ದಿನಕ್ಕೆ ಒಂದಾಗಲಿರುವ ಸಮಸ್ತ ಕನ್ನಡ ನಾಡಿಗೆ, ಅದರ ಎಲ್ಲ ಜಿಲ್ಲೆ ತಾಲೂಕುಗಳಿಗೆ, ಮುಂಬೈ ಸರಕಾರ ಹೋಗುವ ಮುನ್ನ ಮತ್ತು ಮೈಸೂರು ಸರಕಾರ ಬರುವ ಮುನ್ನ, ಈ ಮೂಲಕ ಪ್ರಕಟಪಡಿಸುವುದೇನೆಂದರೆ: ಬೆಟಗೇರಿಯ ಅನ್ನಪೂರ್ಣವ್ವ ಎಂಬಾಕೆ ಕಳೆದ ಸೋಮವಾರ ಮುಂಜಾನೆ ತನ್ನ ಮನೆಯ ಪಡಸಾಲೆಯಲ್ಲಿ ಒಂದು ಎಲೆಯನ್ನು ತೆಗೆದುಕೊಳ್ಳಲಿಲ್ಲ. ಎಲೆಯ ಉದ್ದ ಅರ್ಧ ಬೆರಳು. ತೂಕ ಹೇಳಲಿಕ್ಕೆ ಅಂಥ ತಕ್ಕಡಿ ಗದಗಿನ ಪ್ಯಾಟಿಯಲ್ಲಿ ಇಲ್ಲ.

ಪ್ರೀತಿಯ ಶಮಶಾದ,

ನಿನಗೆ ನನ್ನ ನಮಸ್ಕಾರ, ಸಲಾಮು ಎರಡೂ. ನಿನ್ನ ಶಾಲೆಯ ಹುಡುಗಿಯರಿಗೆ ಆಶೀರ್ವಾದ. ದಸರೆಯ ಮರುದಿನವೇ ನಿನಗೆ ಪಾಕೀಟು ಹಾಕುವವಳು ನಾನು, ಮದುವೆಯಾದಾಗಿನಿಂದ ಏಳು ವರ್ಷ ಒಮ್ಮೆಯೂ ತಪ್ಪಿಸಿಲ್ಲ. ಈ ಸಲ ವಾರ ತಡವಾಯಿತು, ತಪ್ಪಾಯಿತು.

ಇದನ್ನು ಓದುತ್ತಲೇ ನೀನು 'ಇರ್ಲಿ ಬಿಡ' ಅಂದಿರುತ್ತಿ. ನಿನ್ನ ಬಾಯಿ ನನಗೆ ಗೊತ್ತು. ಅಂದದ್ದನ್ನು ವಾಪಸ್ ತಗೋ. ಈ ಕಾಗದ ಮುಗಿಯುವ ತನಕ ಆ ಎರಡು ಮಾತು ನಿನಗೆ ಬಂದ್.

ಪಾಕೀಟನ್ನು ಝಾಡಿಸಿ ನೋಡಲೂಬೇಡ. ಈ ಸಲ ಅದರಲ್ಲಿ ಬನ್ನಿ ಇಲ್ಲ.

ಮೊದಲು ಊರಿನ ಖಬರು. ಗದಗಿನಲ್ಲಿ ಒಂದನೇ ತಾರೀಖಿನ ಹಬ್ಬಕ್ಕೆ ಕಮಾನು ಕಟ್ಟುವ ಗದ್ದಲ. ಒಂದಾಗುವ ನಾಡಿಗೆ ಕಮಾನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಎರಡು ಓಣಿಯವರು ಜಗಳಾಡಿ ಎರಡು ಕಮಾನು ಕಟ್ಟಿದ್ದಾರೆ. ನಮ್ಮವರು ಹೊಸ ರಾಜ್ಯದ ನಕಾಶೆ ತಂದು ಗೋಡೆಗೆ ಹಚ್ಚಿ ದಿನಾ ಅದರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಅತ್ತೆ ಗದಿಗೆವ್ವನವರಿಗೆ ಒಂದೇ ಚಿಂತೆ. "ಮೈಸೂರು ಸರಕಾರ ಬಂದ್ರ ನಮಗ ರೊಟ್ಟಿ ಬಿಡಿಸಿ ಮೂರ ಹೊತ್ತು ಅನ್ನಾ ತಿನ್ನಸ್ತಾರಂತ, ಖರೆ ಏನ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಾರೆ. ನೀನು ಮೂವತ್ತೊಂದಕ್ಕೆ ಬಂದು ನಮ್ಮಲ್ಲೇ ಇಳಿಯುವುದೆಂದು ಮಾತಾಗಿದೆಯಲ್ಲ, ನಿನಗೆಂದು ಕೌದಿ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ. ಈ ಕಾಗದ ಓದಿದ ಮೇಲೂ ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಎಲೆಯ ಸುದ್ದಿ.

ನಮ್ಮ ಕಡೆ ದಸರೆ ಅಂದರೆ ಏನೆಂದು ನಿನಗೆ ನಾನು ಹೇಳಬೇಕೆ? ಮುಂಡರಗಿಯಲ್ಲಿ ನೀನೂ ನಾನೂ ಕೂಡಿಯೇ ಮನೆಮನೆಗೆ ಬನ್ನಿ ಕೊಟ್ಟು ಬಂದವರು. ಊರ ಸೀಮೆ ದಾಟಿ, ಬನ್ನಿ ಗಿಡದ ಎಲೆ ತಂದು, "ಬಂಗಾರ ತಗೊಂಡು ಬಂಗಾರದಂಗ ಇರೋಣು" ಅಂದರೆ ಮುಗಿಯಿತು. ಹಿಂದಿನ ಜಗಳ, ಸಿಟ್ಟು, ಬಾಯಿಬೈಗಳ ಎಲ್ಲವೂ ಆ ಎಲೆಯ ಕೆಳಗೆ ಹೂತಂತೆ. ವೈರಿ ಕೊಟ್ಟ ಬನ್ನಿಯನ್ನೂ ಬೇಡ ಅನ್ನುವಂತಿಲ್ಲ. ಚಂದದ ಪದ್ಧತಿ. ಅದನ್ನು ಕಟ್ಟಿದ ಪುಣ್ಯಾತ್ಮ ತಪ್ಪು ಮಾಡುವವರ ಕಡೆಯವನೇ ಇರಬೇಕು.

ಯಾಕೆಂದರೆ ನೋಡು. ನಮ್ಮ ಅಣ್ಣ ವಿರೂಪಾಕ್ಷಪ್ಪ ಏಳು ವರ್ಷದಿಂದ ದಸರೆಯ ಮರುದಿನ ಮುಂಡರಗಿಯಿಂದ ಬಸ್ಸು ಹತ್ತಿ ಬರುತ್ತಾನೆ. ಕರವಸ್ತ್ರದಲ್ಲಿ ಕಟ್ಟಿ ತಂದ ಎಲೆ ನನ್ನ ಕೈಯಲ್ಲಿ ಇಡುತ್ತಾನೆ. "ಬಂಗಾರದಂಗ ಇರೋಣವ್ವ" ಅನ್ನುತ್ತಾನೆ. ಆತ ಹಿರಿಯ, ನಾನು ಕಿರಿಯಳು. ಆದ್ದರಿಂದ ಎಲೆ ತಗೊಂಡವಳು ಬಗ್ಗಿ ಆತನ ಕಾಲು ಮುಟ್ಟಬೇಕು. ತಪ್ಪು ಆತನದು, ಬಗ್ಗುವ ಬೆನ್ನು ನನ್ನದು. ಏಳು ವರ್ಷ ಬಗ್ಗಿದೆ. ಮೂರನೆಯ ವರ್ಷ ಬಸುರಿಯಿದ್ದೆ, ಆಗಲೂ ಬಿಡಲಿಲ್ಲ.

ಏನು ತಪ್ಪು ಅನ್ನುವುದು ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಒಮ್ಮೆಯೂ ಬಾಯಿಬಿಟ್ಟು ಅಂದಿಲ್ಲ. ನಲವತ್ತೆಂಟರಲ್ಲಿ ನಾವಿಬ್ಬರೂ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆವು. ಇಬ್ಬರಿಗೂ ಧಾರವಾಡದಿಂದ ಶಿಕ್ಷಕಿ ತರಬೇತಿಗೆ ಕರೆ ಬಂತು. ನಿಮ್ಮ ಅಬ್ಬಾ ಕುತುಬುದ್ದೀನ ಚಾಚಾ ತಮ್ಮ ಹೊಲಿಗೆ ಯಂತ್ರದ ಮೇಲೆ ನಮಗಿಬ್ಬರಿಗೂ ಒಂದೇ ನಮೂನಿ ಚೀಲ ಹೊಲಿದರು, ನೀಲಿ ಅಂಚಿನವು. ಅದೇ ಬೇಸಿಗೆ ನಿಜಾಮನ ಗಡಿಯ ಆಚೆಯಿಂದ ಮಂದಿ ಗಂಟುಮೂಟೆ ಹೊತ್ತು ಮುಂಡರಗಿಗೆ ಓಡಿ ಬರತೊಡಗಿದರು. ರಜಾಕಾರರ ಸುದ್ದಿ ದಿನಕ್ಕೊಂದು. ನಿನ್ನೆವರೆಗೆ ಚಾಚಾನ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದವರು ಕಟ್ಟೆ ದಾಟಿ ಹೋಗುವಾಗ ಸುಮ್ಮನಾಗತೊಡಗಿದರು. ಆಗ ಅಣ್ಣ ನನಗೆ ಅಂದ: "ದಿನಮಾನ ಸುಮಾರ ಅದಾವು. ಆಕಿ ಜೋಡಿ ಬ್ಯಾಡ. ಒಬ್ಬಾಕಿನ ಹೋಗತೀಯಂದ್ರ ಕಳಸ್ತೀನಿ." ನಾನು ನಂಬಿದೆ. ಜೂನ್ ಬಂತು. ಅಣ್ಣ "ಮುಂದಿನ ವರ್ಷ" ಅಂದ. ಜನವರಿಗೆ ನಾನು ಬೆಟಗೇರಿಯ ಸೊಸೆ.

ಜೊತೆಯಿಲ್ಲವೆಂದು ನಿನ್ನನ್ನೂ ಆ ವರ್ಷ ಚಾಚಾ ಕಳಿಸಲಿಲ್ಲ. ಮರುವರ್ಷ ನೀನು ಒಬ್ಬಳೇ ಹೋಗಿ ಶಾಲೆ ಕಲಿಸುವ ಬಾಯಾರು ಆದಿ. ನನ್ನ ಪಾಲಿನ ಚೀಲ ನಮ್ಮ ಅಡುಗೆಮನೆಯ ಗೂಟಕ್ಕೆ ತೂಗಿದೆ. ಅದರಲ್ಲಿ ಈಗ ಒಣಮೆಣಸಿನಕಾಯಿ.

ಇನ್ನು ಕಳೆದ ಸೋಮವಾರ. ಅಣ್ಣ ಬಂದ. ಆದರೆ ಈ ಸಲ ಎಲೆಯ ಜೊತೆಗೆ ಒಂದು ಕೆಲಸವನ್ನೂ ತಂದಿದ್ದ. ಅವನ ಮಗಳು ನೀಲವ್ವ ಜಾಣೆ. ಬರುವ ಜೂನಿಗೆ ಗದಗಿನ ಹಾಯ್‌ಸ್ಕೂಲಿಗೆ ಹಾಕಬೇಕು, ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕು. "ಹೆಣ್ಣಮಕ್ಕಳು ಕಲೀಬೇಕ ನೋಡವ್ವ, ಕಾಲ ಬದಲಾಗೈತಿ" ಎಂದು ನನಗೆ, ನನಗೆ, ನಮ್ಮ ಅಣ್ಣ ಉಪದೇಶ ಮಾಡಿದ. ಆಮೇಲೆ ಕರವಸ್ತ್ರ ಬಿಚ್ಚಿ, "ತಗೋ. ಹಿಂದಿನದೆಲ್ಲಾ ಮರತಬಿಡು" ಅಂದ.

ಏಳು ವರ್ಷ ಬರೀ "ಬಂಗಾರದಂಗ ಇರೋಣು" ಅಂದವನು ಮೊದಲ ಸಲ 'ಹಿಂದಿನದು' ಅಂದ. ನನ್ನ ಕೈ ಅರ್ಧ ಮುಂದೆ ಹೋಗಿತ್ತು. ಹಿಂದಕ್ಕೆ ತಗೊಂಡು ಸೆರಗಿಗೆ ಒರೆಸಿಕೊಂಡೆ.

"ಹಿಂದಿನದು ಅಂದ್ರ ಯಾವದಣ್ಣ?"

"ಯಾವದರ ಆಗವಲ್ಲದ್ಯಾಕ. ಅಣ್ಣ ತಂಗಿ ಅಂದಮ್ಯಾಲ ನೂರಾ ಎಂಟ ಇರತಾವು."

"ನೂರಾ ಏಳು ಬಿಟ್ಟೆ. ಒಂದರ ಹೆಸರು ಹೇಳು."

ನಮ್ಮವರು ನಕಾಶೆಯಲ್ಲಿ ಬೀದರ ಹುಡುಕತೊಡಗಿದರು. ಪಕ್ಕದ ಮನೆಯ ಸಾವಕ್ಕ ಮಜ್ಜಿಗೆಗೆ ಬಂದವಳು, ಮಜ್ಜಿಗೆ ಸಿಕ್ಕು ಎಷ್ಟೋ ಹೊತ್ತಾಗಿದ್ದರೂ ಗಡಿಗೆ ಹಿಡಿದು ಕಂಬಕ್ಕೆ ಆತು ನಿಂತಳು.

"ಅಯ್ಯ, ಬನ್ನಿ ಬ್ಯಾಡ ಅಂತಾರೇನವಾ?" ಅಂದಳು ಸಾವಕ್ಕ. "ನಮ್ಮ ನೆಗೆಣ್ಣಿ ನನ್ನ ಎಮ್ಮಿ ಕಾಲ ಮುರದಾಕಿ, ಆಕಿ ಕೊಟ್ಟ ಬನ್ನೀನೂ ನಾ ತಗೊಂಡೀನಿ."

"ತಗೊಂಡಮ್ಯಾಲೆ ಎಮ್ಮಿ ಎದ್ದ ನಿಂತೇನ ಸಾವಕ್ಕಾ?"

"ಎಮ್ಮಿ ಎಲ್ಲಿ ನಿಂದರತೈತಿ. ಮಾರಿದ್ವಿ."

ಅತ್ತೆ ಒಳಗಿನಿಂದ, "ಹಿರ್ಯಾ ಮನಷ್ಯಾ ಅಷ್ಟ ದೂರದಿಂದ ಬಂದಾನ. ಇರ್ಲಿ ಬಿಡವಾ, ತಗೋ" ಅಂದರು.

ಶಮಶಾದ, ಈ 'ಇರ್ಲಿ ಬಿಡ' ಇದೆಯಲ್ಲ, ಇದಕ್ಕೆ ಬೆಂಕಿ ಬೀಳಲಿ. ತಪ್ಪು ಮಾಡಿದವನು ಬಾಯಿ ತೆರೆಯುವುದರೊಳಗೆ ನಾವು ಇದನ್ನು ಅವನ ಬಾಯಿಗೆ ತುರುಕುತ್ತೇವೆ. ಅವನಿಗೆ ನಾಚಿಕೆ ಆಗಬಾರದು ನೋಡು. ನಮ್ಮ ಕಾಲು ತುಳಿದವನಿಗೆ ನಮ್ಮ ಕಾಲಿನಿಂದ ಎಲ್ಲಿ ನೋವಾಯಿತೋ ಎಂದು ಕೇಳುವ ಜಾತಿ ನಮ್ಮದು. ಅವನು 'ತಪ್ಪಾಗಿದ್ದರೆ' ಎಂದು ಶುರು ಮಾಡುತ್ತಾನೆ. ಆಗಿದ್ದರೆ ಅಂತೆ. ಮನೆ ಸುಟ್ಟು ಬೂದಿಯಾದ ಮೇಲೆ, ಬೆಂಕಿ ಹತ್ತಿದ್ದರೆ ನೀರು ಹಾಕಿರಿ ಅಂದಂತೆ. ಆ 'ಆಗಿದ್ದರೆ' ಮುಗಿಯುವ ಮೊದಲೇ ನಾವು "ಅಯ್ಯ, ಏನೂ ಆಗಿಲ್ಲ ಬಿಡ್ರಿ, ಚಾ ಕುಡೀರಿ" ಅಂದಿರುತ್ತೇವೆ. ಅವನು ಚಾ ಕುಡಿದು ಹಗುರಾಗಿ ಎದ್ದು ಹೋಗುತ್ತಾನೆ. ಆ ಭಾರ ಎಲ್ಲಿ ಹೋಯಿತು? ಕಪ್ಪು ಬಸಿ ತೊಳೆಯುವವಳ ಎದೆಯಲ್ಲಿ ಇರುತ್ತದೆ. ತಪ್ಪೊಪ್ಪಿಕೊಳ್ಳುವವನಿಗೆ ಕೊಡಬೇಕಾದದ್ದು ಒಂದೇ, ಕೂಡಲಿಕ್ಕೆ ಮಣೆ. ಕೂತು ಪೂರ್ತಿ ಹೇಳಲಿ. ನಾವು ಬಾಯಿ ಮುಚ್ಚಿ ಪೂರ್ತಿ ಕೇಳಬೇಕು. ಆಮೇಲೆ ಇರಲಿ ಅನ್ನುವುದೋ ಇರಬಾರದು ಅನ್ನುವುದೋ ನಮ್ಮ ಮರ್ಜಿ.

ನಾನು ಅದನ್ನೇ ಮಾಡಿದೆ. ಮಣೆ ಹಾಕಿದೆ. "ಕುಂಡ್ರಣ್ಣ. ಕುಂತ ಹೇಳು. ನಾ ನಡಬರಕ ಮಾತಾಡಂಗಿಲ್ಲ."

"ಏನ ಕೋರ್ಟೇನಲೇ ಇದು?" ಅಣ್ಣನ ದನಿ ಏರಿತು. "ಏಳ ವರ್ಷ ಸುಮ್ಮನ ತಗೊಂಡಾಕಿ ಇವತ್ತ ಯಾರ ಚಾಡಿ ಹೇಳ್ಯಾರ ನಿನಗ?"

"ನೀಲವ್ವ ಹೇಳ್ಯಾಳ."

ಅವನಿಗೆ ಅರ್ಥವಾಗಲಿಲ್ಲ.

"ನೀಲವ್ವ ನಾಳೆ ಇಲ್ಲಿಗೆ ಬಂದು, ಅತ್ತಿ ನೀ ಯಾಕ ಕಲೀಲಿಲ್ಲ ಅಂತ ಕೇಳ್ತಾಳ. ನಾ ಏನ ಹೇಳಲಿ? ನೀನ ಹೇಳಿಕೊಡು, ಬಾಯಿಪಾಠ ಮಾಡತೀನಿ. ಆಕೀನ ನಾ ಇಟಗೋತೀನಿ, ಅದಕ್ಕ ಅಂಜಬ್ಯಾಡ. ನೀ ಎಲಿ ಕೊಟ್ಟರೂ ಇಟಗೋತೀನಿ, ಕೊಡದಿದ್ರೂ ಇಟಗೋತೀನಿ. ಅದು ಬ್ಯಾರೆ, ಇದು ಬ್ಯಾರೆ."

ಅಣ್ಣ ಎದ್ದು ಹೋಗುತ್ತಾನೆ ಅಂದುಕೊಂಡೆ. ಬಾಗಿಲ ತನಕ ಹೋದ ಕೂಡ. ಕೆರವಿನಲ್ಲಿ ಒಂದು ಕಾಲು ಇಟ್ಟ. ಆಮೇಲೆ ಏನು ತಿಳಿಯಿತೋ, ತಿರುಗಿ ಬಂದು ಮಣೆಯ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ತಲೆ ಅರ್ಧ ಬೋಳಾಗಿದೆ, ಶಮಶಾದ. ನಾನು ನೋಡಿಯೇ ಇರಲಿಲ್ಲ. ಏಳು ವರ್ಷ ನಾನು ನೋಡಿದ್ದು ಅವನ ಕಾಲನ್ನು ಮಾತ್ರ.

"ನಾ ನಿನಗ ಸುಳ್ಳ ಹೇಳಿದೆ," ಅಂದ. "ಒಬ್ಬಾಕಿನ ಕಳಸ್ತೀನಿ ಅಂದನೆಲ್ಲ, ಕಳಸೂ ಮನಸ ನನಗ ಯಾವತ್ತೂ ಇರಲಿಲ್ಲ. ಆ ವಾರನ ಈ ಮನಿಯವರ ಜೋಡಿ ಮಾತಾಡಿ ಬಂದಿದ್ದೆ. ತಂಗಿ ಕಲತು ಮಾಸ್ತರಿಕಿ ಮಾಡಿದ್ರ ಅಣ್ಣಗ ಸಾಕೂದ ಆಗಲಿಲ್ಲ ಅಂತಾರ ಮಂದಿ, ಅದು ನನ್ನ ತಲ್ಯಾಗ ಇತ್ತು. ಆದ್ರ ಹಂಗ ಹೇಳಾಕ ಬಾಯಿ ಬರಲಿಲ್ಲ. ಕುತುಬುದ್ದೀನನ ಮಗಳ ನೆವಾ ಸಿಕ್ಕತು. ದಿನಮಾನ ಹಂಗ ಇದ್ದವು, ಯಾರೂ ಯಾಕ ಅಂತ ಕೇಳತಿರಲಿಲ್ಲ. ಅವ ನನ್ನ ಲಗ್ನದ ಅಂಗಿ ಹೊಲದಾವ. ಆ ನೆವಾ ಊರಾಗ ಹಬ್ಬಿತು. ಅವ ಊರ ಬಿಟ್ಟ ಲಕ್ಷ್ಮೇಶ್ವರಕ್ಕ ಹೋದ. ನಾ ಗಾಡಿ ಹೇರೂದು ನೋಡಕೋತ ಅಂಗಡ್ಯಾಗ ಕುಂತಿದ್ದೆ. ಎದ್ದ ಬರಲಿಲ್ಲ. ಇಷ್ಟು ನಾ ಮಾಡೀನಿ."

'ಆಗಿದ್ದರೆ' ಇರಲಿಲ್ಲ. 'ಆದರೂ' ಇರಲಿಲ್ಲ.

ಸಾವಕ್ಕನ ಗಡಿಗೆಯಿಂದ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು, ಆಕೆಗೆ ಖಬರಿರಲಿಲ್ಲ. ಮೊದಲು ಮಾತಾಡಿದವರು ಅತ್ತೆ. "ಇಷ್ಟ ಹೇಳಾಕ ನಿನಗ ಎಂಟ ವರ್ಷ ಬೇಕಾತೇನಪಾ?" ಅಂದರು. ತಗೋ ತಗೋ ಎಂದು ಈಗಷ್ಟೇ ಅಂದವರು ಇವರೇ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲ, ಹಂಗಾರ ನಮ್ಮ ಮನಿಗೆ ಕೊಟ್ಟದ್ದು ಈಕಿಗೆ ಶಿಕ್ಷಾ ಅಂದಂಗಾತಲ್ಲ" ಎಂದು ಬೇರೆಯೇ ಜಗಳ ತೆಗೆಯಲು ನೋಡಿದರು. ನಮ್ಮವರು ನಕಾಶೆ ಬಿಟ್ಟು ಬಂದು ಅವರನ್ನು ಒಳಗೆ ಕರೆದೊಯ್ದರು. ಬೀದರ ಸಿಕ್ಕಿರಬೇಕು.

ನಾನು ಗೆದ್ದೆ. ಹೌದಲ್ಲ? ಎಂಟು ವರ್ಷದಿಂದ ಕೇಳಬೇಕೆಂದದ್ದನ್ನು ಪೂರ್ತಿ ಕೇಳಿದೆ, ಹೆಸರು ಹಚ್ಚಿ, ಸಾಕ್ಷಿಗೆ ಸಾವಕ್ಕನನ್ನು ನಿಲ್ಲಿಸಿಕೊಂಡು. ಈಗ ಎಲೆ ತಗೊಂಡು ನೆಟ್ಟಗೆ ನಿಂತು "ಕೇಳಿದೆ ಅಣ್ಣ" ಅಂದಿದ್ದರೆ ಸಾಕಿತ್ತು. ಆದರೆ ಗೆದ್ದವರಿಗೆ ಹೊಟ್ಟೆ ತುಂಬುವುದಿಲ್ಲ. ನಾನು ಇನ್ನೊಂದು ಮಾತು ಕೇಳಿದೆ. ಅದಕ್ಕೆ ಅವನು ಒಂದು ಉತ್ತರ ಕೊಟ್ಟ. ಆಮೇಲೆ ನನಗೆ ಎಲೆ ತಗೊಳ್ಳುವುದಾಗಲಿಲ್ಲ. ಅದು ಈಗಲೂ ದೇವರ ಮಾಡದಲ್ಲಿ ಹಿತ್ತಾಳೆ ಲೋಟದ ಕೆಳಗೆ ಇದೆ. ಅಣ್ಣ ಊಟ ಮಾಡಿ ಸಂಜೆ ಬಸ್ಸಿಗೆ ಹೋದ. ಹೋಗುವಾಗ "ನೀ ಯಾವಾಗ ಬೇಕಂದ್ರ ಆವಾಗ ತಗೋ, ನಾ ಕಾಯತೀನಿ" ಅಂದ. ಸಿಟ್ಟು ಬಂತು ನನಗೆ. ಇಷ್ಟು ವರ್ಷ ಸಿಟ್ಟು ಹಿಡಿದು ಕೂತವಳಿಗೆ, ಸಿಟ್ಟು ಮಾಡಿಕೊಳ್ಳಲು ಯೋಗ್ಯನಾದ ಒಬ್ಬ ಅಣ್ಣನನ್ನೂ ಉಳಿಸಲಿಲ್ಲ ಅವನು.

ವಾರದಿಂದ ಊರೆಲ್ಲ ನನ್ನದೇ ಮಾತಾಡುತ್ತಿದೆ. ಬನ್ನಿ ಒಲ್ಲೆನೆಂದವಳ ಮನೆಗೆ ಮಜ್ಜಿಗೆಗೆ ಬರಬಾರದೆಂದು ಸಾವಕ್ಕನ ಗಂಡ ಅಂದಿದ್ದಾನಂತೆ. ಆಕೆ ಹಿತ್ತಲಿನಿಂದ ಬರುತ್ತಾಳೆ.

ನಿನ್ನ ಅಮ್ಮೀ ಬೀಬಿಜಾನ ಚಾಚಿಗೆ ನನ್ನ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬಾರದೆಂದು ಹೇಳು. ನಿನ್ನ ಕೈಯಿಂದ ಕಲಿತ ಹುಡುಗಿಯರೆಲ್ಲ ನಿನ್ನಷ್ಟೇ ದೊಡ್ಡ ಅಕ್ಷರ ಬರೆಯಲಿ, ನಿನ್ನಷ್ಟು ಜಲ್ದಿ ಯಾರನ್ನೂ ಕ್ಷಮಿಸದಿರಲಿ. ನಿನಗೆ ಆಯುಷ್ಯ ಆರೋಗ್ಯ ಇರಲಿ.

ನಿನ್ನ,
ಅನ್ನಪೂರ್ಣ

ತಾ. ಕ. — ನಾನು ಕೇಳಿದ ಇನ್ನೊಂದು ಮಾತು ಬರೆದಿಲ್ಲ. ಬರೆಯದೆ ಪಾಕೀಟು ಅಂಟಿಸಿದ್ದೆ. ಉಗುರಿನಿಂದ ಬಿಡಿಸಿದೆ.

"ಮತ್ತ ಆ ಚೀಟಿ ಬರಿಸಿದ್ದು? ಅದನ್ನೂ ಹೇಳು," ಎಂದು ಕೇಳಿದೆ, ಎಲ್ಲರ ಮುಂದೆ. ಅಣ್ಣ ನನ್ನ ಮುಖ ನೋಡಿದ. ಸಿಟ್ಟಿನಿಂದ ಅಲ್ಲ, ಮಂದಿಯ ಮುಂದೆ ನನ್ನ ಮಾತು ಸುಳ್ಳು ಮಾಡಬೇಕೋ ಬೇಡವೋ ಅನ್ನುವಂತೆ. "ಯಾವ ಚೀಟಿ? ಚೀಟಿ ನಾ ಬರಿಸಿಲ್ಲವ್ವ," ಎಂದು ಮೆಲ್ಲಗೆ ಅಂದ.

ಖರೆ. ಅವನು ಬರೆಸಿಲ್ಲ. ಅವನಿಗೆ ಚೀಟಿಯ ಸುದ್ದಿಯೇ ಗೊತ್ತಿರಲಿಲ್ಲ, ಏಳು ವರ್ಷ ಅವನ ಹೆಸರಿಗೆ ಹಾಕಿ ಹಾಕಿ ನಾನೇ ನಂಬಿಬಿಟ್ಟಿದ್ದೆ. "ಆಕಿ ಜೋಡಿ ಬ್ಯಾಡ" ಅಂದದ್ದಷ್ಟೇ ಅವನ ಮಾತು. "ನೀನು ಬೇರೆ ಜೊತೆ ನೋಡಿಕೋ. ಈ ದಿನಗಳಲ್ಲಿ ನಿಮ್ಮವರ ಕೂಡ ಹೋದರೆ ನಮ್ಮ ಮನೆತನಕ್ಕೆ ಚಂದ ಕಾಣುವುದಿಲ್ಲ," ಎಂದು ಬರೆದವಳು ನಾನು. ಯಾರೂ ಪಕ್ಕದಲ್ಲಿ ನಿಂತಿರಲಿಲ್ಲ. ನನಗೆ ಧಾರವಾಡಕ್ಕೆ ಹೋಗಬೇಕಾಗಿತ್ತು, ನೀನು ಅಡ್ಡ ಬರಬಾರದಾಗಿತ್ತು. 'ನಿಮ್ಮವರು' ಅನ್ನುವುದು ನನ್ನ ಶಬ್ದ. ಹತ್ತು ವರ್ಷ ಒಂದೇ ತಾಟಿನಲ್ಲಿ ಉಂಡವಳಿಗೆ ಬರೆದ ಶಬ್ದ.

ಚೀಟಿಯನ್ನು ಚಾಚಾನ ಕೈಗೆ ಕೊಟ್ಟೆ, ಅವರು ನನ್ನ ಚೀಲ ತಂದುಕೊಟ್ಟ ಹೊತ್ತಿಗೆ. ಅವರಿಗೆ ಕನ್ನಡ ಓದು ಬರುತ್ತಿರಲಿಲ್ಲ. "ಏನ ಬರದೀಯವಾ, ಓದಿ ಹೇಳು," ಎಂದು ನಕ್ಕರು. "ಆಕೀನ ಓದಲಿ ಚಾಚಾ," ಅಂದೆ. ಅದನ್ನು ಟೋಪಿಯೊಳಗೆ ಜೋಪಾನವಾಗಿ ಇಟ್ಟುಕೊಂಡು ಹೋದರು. ಈಗ ಅವರು ತೀರಿಹೋಗಿ ಮೂರು ವರ್ಷ. ಅವರ ಮುಂದೆ ಮಣೆ ಹಾಕಿಕೊಂಡು ಕೂಡುವುದು ನನಗೆ ಇನ್ನು ಇಲ್ಲ.

ನನ್ನ ಮದುವೆಗೆ ನೀನು ಬಂದಿ. ಅರಿಶಿಣದ ಕೈಯಲ್ಲೇ ನಿನ್ನ ಕೈ ಹಿಡಿದು, "ಆ ಚೀಟಿ… ಅಣ್ಣ…" ಎಂದು ಶುರು ಮಾಡಿದೆ. ಪೂರ್ತಿ ಹೇಳುವವಳೇ ಇದ್ದೆ, ಇಲ್ಲವೇ ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನೀನು, "ಅಣ್ಣ ಬರಿಸ್ಯಾನ, ಗೊತ್ತೈತಿ. ಇರ್ಲಿ ಬಿಡ," ಅಂದಿ. ಸುಳ್ಳು ನಾನು ಹುಟ್ಟಿಸಲಿಲ್ಲ, ನೀನೇ ಕೈಯಲ್ಲಿ ಇಟ್ಟಿ. ನಾನು ಹಿಡಿದುಕೊಂಡೆ. ಏಳು ವರ್ಷ ಅದರ ಮೇಲೆ ಎಲೆ ಮುಚ್ಚಿ ನಿನಗೆ ಟಪಾಲಿನಲ್ಲಿ ಕಳಿಸಿದೆ.

ಇಷ್ಟು ನಾನು ಮಾಡಿದ್ದೇನೆ. ಆದ್ದರಿಂದ ಈ ಪಾಕೀಟಿನಲ್ಲಿ ಬನ್ನಿ ಇಲ್ಲ.

ಮೂವತ್ತೊಂದಕ್ಕೆ ನೀನು ಬಂದರೆ ಕೌದಿ ಇದೆ. ಬರದಿದ್ದರೆ ಅದನ್ನು ಮಡಿಚಿ ಇಡುತ್ತೇನೆ, ಯಾಕೆ ಎಂದು ಕೇಳುವುದಿಲ್ಲ. ಒಂದು ಸಣ್ಣ ಉಪಕಾರ ಮಾತ್ರ ಮಾಡು. ಉತ್ತರ ಬರೆದರೆ, ಏನೇ ಬರೆದಿರಲಿ, ಪಾಕೀಟಿಗೆ ಟಿಕೀಟು ಹಚ್ಚಬೇಡ. ಹಾಗೇ ಡಬ್ಬಿಗೆ ಹಾಕು. ದಂಡ ಕೊಟ್ಟು ಬಿಡಿಸಿಕೊಳ್ಳುವುದು ತಗೊಳ್ಳುವವರ ಪಾಲಿನದು. ಟಪಾಲು ಹಂಚುವ ಮಾಶಾಕ ನಮ್ಮ ಓಣಿಗೆ ಹನ್ನೊಂದಕ್ಕೆ ಬರುತ್ತಾನೆ, ಚಿಲ್ಲರೆ ತೆಗೆದು ಬಾಗಿಲ ಬಳಿ ಇಟ್ಟಿದ್ದೇನೆ.